ಬಾಳೆಗಿಡಕ್ಕೊಂದು ಕುಲಾವಿ

ಮೊನ್ನೆಮೊನ್ನೆಯವರೆಗೂ ನಮ್ಮ ಮನೆಯ ಊದುಬತ್ತಿಗೆ ಎರಡು ಕೆಲಸವಿತ್ತು. ಮೊದಲನೆಯದು ಅದರ ಹುಟ್ಟುಕೆಲಸ, ದೇವರ ಮುಂದೆ ಉರಿದು ಪರಿಮಳ ಕೊಡುವುದು. ಎರಡನೆಯದು, ಪೂಜೆ ಮುಗಿದ ಕೂಡಲೇ ನನ್ನ ಕೈಯೇರಿ ಜಗಲಿಗೆ ಬಂದು, ಅಲ್ಲಿ ಕಟ್ಟೆಯ ಮೇಲೆ ಕೂತಿದ್ದ ಗೇಣುದ್ದದ ಬಾಳೆಗಿಡಕ್ಕೆ ಹೊದಿಸಿದ ಪ್ಲಾಸ್ಟಿಕ್ ಕವರಿನಲ್ಲಿ ಒಂದು ತೂತು ಮಾಡುವುದು. ಒಂದೇ ಒಂದು. ಕೆಂಡದ ತುದಿ ತಾಗಿಸಿದರೆ ಸಾಕು, ಕವರು ಸದ್ದಿಲ್ಲದೆ ಕರಗಿ, ಅಂಚಿಗೆ ಸಣ್ಣದೊಂದು ಕಪ್ಪು ಬಳೆ ತೊಟ್ಟುಕೊಂಡು ಗಾಳಿಗೆ ದಾರಿ ಬಿಡುತ್ತಿತ್ತು. ಅಷ್ಟಾದ ಮೇಲೆ ಊದುಬತ್ತಿಯಲ್ಲಿ ಇನ್ನೂ ಕೆಂಡವಿರುತ್ತಿತ್ತು, ಕವರಿನಲ್ಲಿ ಇನ್ನೂ ಜಾಗವಿರುತ್ತಿತ್ತು, ನನ್ನ ಕೈಯಂತೂ ಇನ್ನೊಂದು, ಮತ್ತೊಂದು ಎಂದು ತುಡಿಯುತ್ತಿತ್ತು, ಆದರೆ ಮಾಡುವಂತಿರಲಿಲ್ಲ. ಮಗಳ ಕಟ್ಟಪ್ಪಣೆಯಾಗಿತ್ತು.

ಮಗಳ ಹೆಸರು ಚೈತ್ರಾ. ಭದ್ರಾವತಿಯ ಜನ್ನಾಪುರದಲ್ಲಿರುವ ನಮ್ಮ ಮನೆಯ ಮಹಡಿಯ ಎರಡು ಕೋಣೆಗಳನ್ನು ಅವಳು ಲ್ಯಾಬು ಮಾಡಿಕೊಂಡಿದ್ದಾಳೆ. ಅಲ್ಲಿ ನಡೆಯುವುದಕ್ಕೆ ಅಂಗಾಂಶ ಕೃಷಿ ಎಂದು ಹೆಸರು. ನನಗೆ ತಿಳಿದಂತೆ ಹೇಳುವುದಾದರೆ, ಪುಟ್ಟಬಾಳೆಯ ಬುಡದಲ್ಲಿ ಮೊಳೆತ ಕಂದಿನ ಎದೆಯಿಂದ ಕಡಲೆಕಾಳಿನಷ್ಟು ಚೂರು ತೆಗೆದು, ಬಾಟಲಿಯೊಳಗೆ ಹಲ್ವದಂತೆ ಗಟ್ಟಿಯಾದ ಆಹಾರದ ಮೇಲೆ ಕೂರಿಸಿ, ಮುಚ್ಚಳ ಬಿಗಿದು, ಬಿಳಿ ದೀಪದಡಿ ಇಡುವುದು; ಆ ಒಂದು ಚೂರು ಎರಡಾಗಿ, ನಾಲ್ಕಾಗಿ, ಕೊನೆಗೆ ಬೇರು ಬಿಟ್ಟ ಮರಿಗಿಡಗಳಾಗುವುದನ್ನು ಕಾಯುವುದು. ಬೇರೆ ಊರಿನ ದೊಡ್ಡ ಲ್ಯಾಬಿನಲ್ಲಿ ಕೆಲವು ವರ್ಷ ಸಂಬಳಕ್ಕೆ ದುಡಿದು, ತನ್ನದೇ ಒಂದು ಇರಲಿ ಎಂದು ವಾಪಸು ಬಂದವಳು ಅವಳು. ಮಾತು ಕಡಿಮೆ. ಬಾಟಲಿಗಳ ಜೊತೆಗಿರುವವರಿಗೆ ಮಾತೇಕೆ ಬೇಕು ಎಂದು ನಾನು ತಮಾಷೆ ಮಾಡುವುದುಂಟು. ಅದಕ್ಕೂ ಅವಳದು ಒಂದು ಸಣ್ಣ ನಗು, ಅಷ್ಟೇ.

ಅವಳ ಪಾಲಿನ ಮಾತನ್ನೂ ಸೇರಿಸಿ ಆಡುವವನು ನಾನು. ಊರಿನ ಕಬ್ಬಿಣದ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಉಕ್ಕಿನ ಗಟ್ಟಿತನ ಅಳೆಯುತ್ತ ಆಯುಷ್ಯದ ಬಹುಭಾಗ ಕಳೆದು ನಿವೃತ್ತನಾದವನು. ನಿವೃತ್ತಿಯೆಂದರೆ ವಿಶ್ರಾಂತಿ ಎಂದು ಯಾರು ಹೇಳಿದರೋ, ಅವರು ನಿವೃತ್ತರಾಗಿರಲಿಕ್ಕಿಲ್ಲ. ನನಗಂತೂ ಅಂದಿನಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಬೆಳಗ್ಗೆ ಸೈರನ್ನಿನ ಹೊತ್ತಿಗೆ, ಅದು ಕೂಗಲಿ ಬಿಡಲಿ, ಎಚ್ಚರವಾಗುತ್ತದೆ. ಎದ್ದವನು ಗೇಟಿನವರೆಗೆ ಹೋಗುತ್ತೇನೆ, ಬರುತ್ತೇನೆ, ಪೇಪರಿನವನಿಗೆ ಬೈಯುತ್ತೇನೆ, ಅವನು ಬಂದ ಮೇಲೆ ಪೇಪರಿಗೆ ಬೈಯುತ್ತೇನೆ. ಸುದ್ದಿ ಕಂಡರೆ ಚಿಂತೆ, ಕಾಣದಿದ್ದರೆ ಇನ್ನೂ ಚಿಂತೆ. ನನ್ನ ಹೆಂಡತಿ ಶಾರದೆ ಒಮ್ಮೆ ಬೆತ್ತದ ಕುರ್ಚಿಯೊಂದನ್ನು ಹೊಸದಾಗಿ ಹೆಣೆಸಿ ಜಗಲಿಯಲ್ಲಿಟ್ಟಳು. ನಾನು ಅದರ ಸುತ್ತ ತಿರುಗಾಡಿದೆನೇ ಹೊರತು ಅದರಲ್ಲಿ ಕೂತದ್ದು ಕಡಿಮೆ. "ಕೂತ್ಕೊಳ್ಳೋಕೆ ಅಂತ ಮಾಡ್ಸಿದ್ದು ಮಾರಾಯ್ರೆ, ಪ್ರದಕ್ಷಿಣೆ ಹಾಕೋಕಲ್ಲ," ಅಂದಳು. ಹೀಗೆ ಅಲೆಯುವ ಕಾಲು ಕೊನೆಗೆ ಮಹಡಿಯ ಮೆಟ್ಟಿಲು ಹತ್ತಿತು. ಚೈತ್ರಳಿಗೆ ಬರುವ ಫೋನುಗಳನ್ನು ನಾನೇ ಎತ್ತತೊಡಗಿದೆ. ಬಂದವರಿಗೆ ನಾನೇ ವಿವರಿಸತೊಡಗಿದೆ. ಸಸ್ಯಶಾಸ್ತ್ರದ ಗಂಧವಿಲ್ಲದ ನಾನು ವಾರ ಕಳೆಯುವುದರೊಳಗೆ ಸಸ್ಯಶಾಸ್ತ್ರದ ವಕ್ತಾರನಾಗಿದ್ದೆ.

ಒಂದು ದಿನ ಅವಳ ಸೂಕ್ಷ್ಮದರ್ಶಕದ ಪಕ್ಕ ಉಗುರಿಗೆ ಹಚ್ಚುವ ಬಣ್ಣರಹಿತ ಪಾಲಿಶ್ ಶೀಶೆ ಕಂಡು, ಇದೇನು ಅಲಂಕಾರ ಎಂದು ಕೇಳಿದೆ. ಅವಳು ಉತ್ತರಿಸುವ ಬದಲು ಬಾಟಲಿಯೊಂದರಿಂದ ಎಲೆ ತೆಗೆದು, ಅದರ ಬೆನ್ನಿಗೆ ಪಾಲಿಶ್ ಬಳಿದು, ಒಣಗಿದ ಮೇಲೆ ಅಂಟುಪಟ್ಟಿಯಿಂದ ಆ ಪೊರೆಯನ್ನು ಎಬ್ಬಿಸಿ ಗಾಜಿಗೆ ಅಂಟಿಸಿ ನನ್ನ ಕಣ್ಣಿನ ಕೆಳಗಿಟ್ಟಳು. ಹಾಸುಗಲ್ಲಿನ ಅಂಗಳದಂಥ ಜಾಗ. ಅದರ ತುಂಬ ಅಲ್ಲಲ್ಲಿ ಜೋಡಿ ತುಟಿಗಳು, ತುಟಿಗಳ ನಡುವೆ ಗುಂಡಗೆ ತೆರೆದ ಬಾಯಿ. ಪತ್ರರಂಧ್ರ ಎಂಬ ಪದವನ್ನು ಹೈಸ್ಕೂಲಿನಲ್ಲಿ ಉರುಹೊಡೆದು ಅಂಕ ಗಳಿಸಿದ್ದೆ, ಕಂಡದ್ದು ಅಂದೇ. ಎಲೆ ಉಸಿರಾಡುವುದು, ನೀರನ್ನು ಆವಿ ಮಾಡಿ ಬಿಡುವುದು ಎಲ್ಲ ಇದೇ ಬಾಯಿಗಳಿಂದ. ತುಟಿಯಂತೆ ಕಂಡದ್ದು ಎರಡು ಕಾವಲು ಕೋಶಗಳು. ಅವು ನೀರು ತುಂಬಿ ಬಿಗಿದರೆ ಬಾಯಿ ತೆರೆಯುತ್ತದೆ, ಸಡಿಲಾದರೆ ಮುಚ್ಚುತ್ತದೆ. ಎಲ್ಲ ಬಾಯಿಗಳೂ ಯಾಕಿಷ್ಟು ತೆರೆದಿವೆ ಎಂದು ಕೇಳಿದೆ. ಅವಕ್ಕೆ ಮುಚ್ಚಲು ಬರುವುದಿಲ್ಲ, ಅಂದಳು.

ಆ ಮಾತು ನನ್ನ ತಲೆಯೊಳಗೆ ಹುಳುವಿನಂತೆ ಹೊಕ್ಕಿತು. ಬಾಯಿ ಇದ್ದ ಮೇಲೆ ಮುಚ್ಚಲು ಬಾರದೆಂದರೇನು? ಕೆಳಗಿಳಿದೆ, ಮತ್ತೆ ಹತ್ತಿದೆ, ಅವಳು ಕೈತೊಳೆಯುವಾಗ ಕೇಳಿದೆ, ಊಟದ ನಡುವೆ ಕೇಳಿದೆ. ಹಾಗೆ ಬಿಡಿಬಿಡಿಯಾಗಿ ಕಿತ್ತು ತಂದದ್ದನ್ನು ನಿಮ್ಮ ಮುಂದೆ ಜೋಡಿಸಿಡುತ್ತೇನೆ, ತಪ್ಪಿದ್ದರೆ ಅದು ನನ್ನದು. ಎಳೆಯ ಎಲೆಯ ಚರ್ಮದಲ್ಲಿ ಮೊದಲು ಎಲ್ಲ ಕೋಶಗಳೂ ಒಂದೇ ತರಹ. ಯಾರ ಹಣೆಯಲ್ಲೂ ಏನೂ ಬರೆದಿರುವುದಿಲ್ಲ. ಆಮೇಲೆ ಯಾವುದೋ ಒಂದು ಕೋಶ ಸಮನಲ್ಲದ ಎರಡು ಪಾಲಾಗುತ್ತದೆ, ದೊಡ್ಡದೊಂದು, ಸಣ್ಣದೊಂದು. ಸಣ್ಣದು ಬಾಯಿಯಾಗುವ ಉಮೇದುವಾರ. ಅದು ನೆರೆಯ ಕೋಶಗಳಿಗೆ ರಾಸಾಯನಿಕ ಸಂದೇಶ ಕಳಿಸಿ, ನಾನಾಗುತ್ತಿದ್ದೇನೆ, ನೀವು ಬೇಡ ಎಂದು ತಡೆಯುತ್ತದೆ. ಹಾಗಾಗಿ ಸಾಮಾನ್ಯವಾಗಿ ಎರಡು ಬಾಯಿಗಳು ಒಂದಕ್ಕೊಂದು ತಾಗಿಕೊಂಡಿರುವುದಿಲ್ಲ, ನಡುವೆ ಸುಮ್ಮನಿರುವ ಕೋಶವೊಂದಾದರೂ ಇರುತ್ತದೆ. ಇದನ್ನು ಕೇಳಿ ಶಾರದೆ ನನ್ನನ್ನೇ ನೋಡಿ, ಎಲೆಗೆ ಗೊತ್ತಿರುವಷ್ಟು ಮನುಷ್ಯರಿಗೆ ಗೊತ್ತಿಲ್ಲ ಎಂದು ಪಲ್ಯ ಬಡಿಸಿದಳು.

ಈ ಉಮೇದುವಾರಿಕೆ ಗೆಲ್ಲಬೇಕೋ ಬೇಡವೋ ಎಂಬುದರಲ್ಲಿ ಹಾರ್ಮೋನುಗಳ ಕೈವಾಡ ಬಹಳ. ಸೈಟೋಕೈನಿನ್ ಎಂಬುದು ಒಡೆ, ಇನ್ನೂ ಒಡೆ ಎಂದು ಹುರಿದುಂಬಿಸುತ್ತದೆ. ಆಕ್ಸಿನ್ ಎಂಬುದು ಇರುವಷ್ಟು ಹೊತ್ತು ಕೊನೆಯ ಹೆಜ್ಜೆ ಇಡಲು ಬಿಡುವುದಿಲ್ಲ. ಅದು ಆ ಕೋಶದಿಂದ ಹಿಂದೆ ಸರಿದ ಮೇಲೆಯೇ ಉಮೇದುವಾರ ಸರಿಸಮನಾಗಿ ಎರಡಾಗಿ, ಎರಡರ ನಡುವೆ ಬಾಯಿ ಬಿರಿಯುವುದು. ಇನ್ನೊಂದಿದೆ, ಅಬ್ಸಿಸಿಕ್ ಆಮ್ಲ. ನಾನದನ್ನು ಬರದ ಹಾರ್ಮೋನು ಎನ್ನುತ್ತೇನೆ. ನೀರು ಕಡಿಮೆಯಾದಾಗ ಗಿಡದಲ್ಲಿ ಏರುವ ಅದು ಎರಡು ಬುದ್ಧಿ ಹೇಳುತ್ತದೆ: ಹುಟ್ಟುವ ಎಲೆಗೆ, ಬಾಯಿ ಕಡಿಮೆ ಇರಲಿ, ಹುಟ್ಟಿದ ಎಲೆಗೆ, ಬಾಯಿ ಮುಚ್ಚು. ಬಾಟಲಿಯೊಳಗೆ ಗಾಳಿ ಸದಾ ಒದ್ದೆ. ಅಲ್ಲಿ ಬರದ ಸುದ್ದಿಯೇ ಇಲ್ಲದ್ದರಿಂದ ಈ ಬುದ್ಧಿವಾದವನ್ನು ಆ ಎಲೆಗಳು ಕೇಳಿಯೇ ಇರುವುದಿಲ್ಲ. ಬಾಯಿಗಳು ಹೆಚ್ಚು, ದುಂಡಗೆ, ಅಗಲವಾಗಿ ಬೆಳೆದುಬಿಡುತ್ತವೆ. ಹೊರಗೆ ತಂದು ಬಿಸಿಲುಗಾಳಿಗೆ ಇಟ್ಟರೆ ಮುಚ್ಚಲು ತಿಳಿಯದೆ ಇದ್ದಬದ್ದ ನೀರನ್ನೆಲ್ಲ ಹೊರಹಾಕಿ ಬಾಡಿ ಸಾಯುತ್ತವೆ. ಒಮ್ಮೆ ಬೆಳೆದ ಎಲೆಯಲ್ಲಿ ಬಾಯಿಗಳ ಲೆಕ್ಕ ಬದಲಾಗುವುದೂ ಇಲ್ಲ. ಹಾಗಾದರೆ ಈ ಎಲೆಗಳ ಗತಿಯೇನು ಎಂದು ನಾನು ಗಾಬರಿಯಿಂದ ಕೇಳಿದಾಗ ಚೈತ್ರಾ ಹೇಳಿದ್ದು ಇಷ್ಟು: "ಈ ಎಲೆ ಹೋಗೋದೇ ಅಪ್ಪ. ಇದು ಹೋಗೋದ್ರೊಳಗೆ ಹೊರಗಿನ ಗಾಳೀಲಿ ಹುಟ್ಟಿದ ಹೊಸ ಎಲೆ ಬಿಚ್ಚಬೇಕು. ಅಲ್ಲೀವರೆಗೆ ಇದನ್ನ ಉಳಿಸ್ಕೋಬೇಕು, ಅಷ್ಟೇ ನಮ್ಮ ಕೆಲಸ."

ಆ ಕೆಲಸಕ್ಕೆ ಗಿಡ ಹದ ಮಾಡುವುದು ಎನ್ನುತ್ತಾರೆ. ಹದ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು, ಅದು ನನ್ನ ಹಳೆಯ ಕಸುಬಿನ ಮಾತು. ಕೆಂಪಗೆ ಕಾದ ಉಕ್ಕನ್ನು ಒಮ್ಮೆಲೇ ಎಣ್ಣೆಗೋ ನೀರಿಗೋ ಅದ್ದಿದರೆ ಚುರ್ರೆಂದು ಗಟ್ಟಿಯಾಗುತ್ತದೆ. ಹಾಗೇ ಬಾಟಲಿಯಿಂದ ತೆಗೆದವನ್ನು ಒಮ್ಮೆಲೇ ಬಿಸಿಲಿಗೆ ಬಿಡು, ಬದುಕಿದ್ದು ಬದುಕಲಿ ಎಂದು ನಾನು ಉಪದೇಶಿಸಿದೆ. ಗಟ್ಟಿಯಾದದ್ದು ಹಾಗೇ ಉಳಿಯುತ್ತಿತ್ತಾ ಎಂದು ಅವಳು ಮೆಲ್ಲಗೆ ಕೇಳಿದಳು. ಉಳಿಯುತ್ತಿರಲಿಲ್ಲ. ಒಮ್ಮೆಲೇ ಗಟ್ಟಿಯಾದ ಉಕ್ಕು ಗಾಜಿನಂತೆ ಒಡೆಯುತ್ತದೆ. ಅದನ್ನು ಮತ್ತೆ ಹದವಾದ ಬಿಸಿಯಲ್ಲಿಟ್ಟು ನಿಧಾನಕ್ಕೆ ಪಳಗಿಸಿದರೇನೇ ಕೆಲಸಕ್ಕೆ ಬರುವುದು. ನನ್ನ ಉದಾಹರಣೆ ನನ್ನ ಮೇಲೇ ತಿರುಗಿದ್ದರಿಂದ ನಾನು ಗೇಟಿನ ಕಡೆಗೆ ಹೋದೆ.

ಇಷ್ಟರಲ್ಲಿ ಬಂದದ್ದು ಕುಬೇರಪ್ಪನವರ ಆರ್ಡರು. ಆಯನೂರು ಕಡೆಯ ಜಮೀನುದಾರರು, ಈಗ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಪಂಪುಸೆಟ್ಟಿನ ಅಂಗಡಿ ಇಟ್ಟವರು. ಮಗಳ ಮದುವೆಗೆ ಬಂದವರಿಗೆಲ್ಲ ತಾಂಬೂಲದ ಜೊತೆ ಸ್ಟೀಲಿನ ಬಟ್ಟಲು ಕೊಡುವ ಬದಲು ಒಂದೊಂದು ಬಾಳೆಗಿಡ ಕೊಡುವುದು ಅವರ ಆಸೆ. ಲಗ್ನಪತ್ರಿಕೆಯಲ್ಲೂ ಅಚ್ಚು ಹಾಕಿಸಿದ್ದರು. ಮದುವೆ ಜ್ಯೇಷ್ಠದಲ್ಲಿ, ಮಳೆ ಹಿಡಿದ ಮೇಲೆ. ಗಿಡ ಹದವಾಗಲು ಬೇಕಾದಷ್ಟು ಸಮಯವಿತ್ತು. ಆದರೆ ಪತ್ರಿಕೆ ಹಂಚಲು ಹೊರಟಾಗ ಗಂಡಿನ ಕಡೆಯ ಪುರೋಹಿತರು ಪಂಚಾಂಗ ಬಿಡಿಸಿ, ಜ್ಯೇಷ್ಠದಲ್ಲಿ ಗುರು ಅಸ್ತನಾಗುತ್ತಾನೆ, ಆಮೇಲೆ ಆಷಾಢ, ಮಾಡುವುದಿದ್ದರೆ ವೈಶಾಖದಲ್ಲೇ ಎಂದುಬಿಟ್ಟರು. ಆಕಾಶದ ಗುರು ಕಣ್ಮರೆಯಾಗುವುದಕ್ಕೂ ಜನ್ನಾಪುರದ ಬಾಟಲಿಗೂ ಹೀಗೆ ಸಂಬಂಧ ಬೆಳೆಯಿತು. ಮದುವೆ ಉರಿಬೇಸಗೆಗೆ ಬಂತು.

ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಇದು ಚೈತ್ರಳ ಮೊದಲ ದೊಡ್ಡ ಆರ್ಡರು, ಜಿಲ್ಲೆಯ ನಾಲ್ಕೂ ಕಡೆಯ ಕೃಷಿಕರು ಸೇರುವ ಮದುವೆ. ಆ ಗಿಡಗಳು ಬದುಕಿದರೆ ಅವಳ ಲ್ಯಾಬಿಗೆ ಬೇರೆ ಬೋರ್ಡು ಬೇಡ. ಸತ್ತರೆ, ಶುಭಕಾರ್ಯದಲ್ಲಿ ಕೊಟ್ಟ ಗಿಡ ಸತ್ತಿತು ಎಂಬ ಮಾತು ಭದ್ರಾವತಿಯಿಂದ ಆಯನೂರಿನವರೆಗೆ ಅವಳ ಹೆಸರಿನ ಜೊತೆಗೇ ಓಡಾಡುತ್ತದೆ, ಅವಳು ಮಹಡಿಗೆ ಬೀಗ ಹಾಕಿ ಮತ್ತೆ ಬೇರೆಯವರ ಲ್ಯಾಬಿಗೆ ಸಂಬಳಕ್ಕೆ ಹೋಗಬೇಕಾಗುತ್ತದೆ. ಅವಳು ಎರಡು ದಿನ ಯೋಚಿಸಿ, ಅರೆಹದವಾದ ಗಿಡಗಳನ್ನೇ ಕೊಡುತ್ತೇನೆ, ಆದರೆ ಪ್ರತಿ ಗಿಡದ ಮೇಲೂ ಕವರು ಇರಬೇಕು, ಮನೆಗೆ ಒಯ್ದವರು ಅದನ್ನು ಮೆಲ್ಲಮೆಲ್ಲಗೆ ತೆಗೆಯಬೇಕು ಎಂದಳು. ಕುಬೇರಪ್ಪ ಒಪ್ಪಿದರು. ನಮ್ಮ ಮನೆಯಲ್ಲಿ ಆಮೇಲೆ ಒಂದೇ ಕೆಲಸ, ಪುಟ್ಟ ಪ್ಲಾಸ್ಟಿಕ್ ಕಪ್ಪುಗಳಲ್ಲಿ ಗಿಡ ನೆಡುವುದು, ತೆಳುವಾದ ಪಾರದರ್ಶಕ ಕವರು ಹೊದಿಸಿ ರಬ್ಬರ್ ಬ್ಯಾಂಡು ಹಾಕುವುದು. ಆ ದಿನಗಳಲ್ಲಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಹೆದರಿಕೆಯಾಗುತ್ತಿತ್ತು, ಮಗಳಿಗೆ ಹೇಳಲಾಗದೆ ಎಲ್ಲರಿಗೂ ಹೇಳುತ್ತಿದ್ದೆ.

ಮದುವೆಯ ದಿನ ಗಿಡಗಳನ್ನು ಮುಂಜಾವದಲ್ಲೇ ಶಿವಮೊಗ್ಗದ ಕಲ್ಯಾಣಮಂಟಪಕ್ಕೆ ಮುಟ್ಟಿಸಿ, ನೆರಳಿನ ಮೂಲೆಯೊಂದರಲ್ಲಿ ಸಾಲಾಗಿಟ್ಟು, ನಾವು ಮೂವರೂ ತಿಂಡಿಗೆ ಹೋದೆವು. ತಿರುಗಿ ಬರುವಷ್ಟರಲ್ಲಿ ಆ ಮೂಲೆ ಖಾಲಿ. ಗಿಡಗಳೆಲ್ಲ ಬಾಗಿಲ ಬಳಿಯ ಉದ್ದ ಮೇಜುಗಳ ಮೇಲೆ, ದೊಡ್ಡ ದೊಡ್ಡ ಫ್ಯಾನುಗಳ ನೇರ ಕೆಳಗೆ, ಅಂದವಾಗಿ ಕೂತಿದ್ದವು. ಪ್ರತಿ ಕಪ್ಪಿಗೂ ಅರಿಶಿನ ಕುಂಕುಮದ ಬೊಟ್ಟು ಬಿದ್ದಿತ್ತು. ಒಂದರ ಮೇಲೂ ಕವರು ಇರಲಿಲ್ಲ. ಕುಬೇರಪ್ಪನವರ ತಾಯಿ, ಎಲ್ಲರೂ ನಾಗಜ್ಜಿ ಎನ್ನುವ ಹಿರಿಯಮ್ಮ, ಮನೆಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಚ್ಚಿಸಿದ್ದರು. ತಪ್ಪೆಂದು ಹೇಗೆ ಹೇಳುವುದು? ಅವರು ಗಿಡಗಳನ್ನು ಕಸವೆಂದು ಬಿಸಾಡಿರಲಿಲ್ಲ, ಮುತ್ತೈದೆಯರನ್ನು ಕೂರಿಸಿದಂತೆ ಗೌರವದಿಂದ ಕೂರಿಸಿದ್ದರು. ಗೌರವವೇ ಗಿಡಗಳನ್ನು ಕೊಲ್ಲುತ್ತಿತ್ತು. ಕೆಲವು ಎಲೆಗಳು ಆಗಲೇ ಅಂಚು ಮಡಚಿ ತಲೆ ತಗ್ಗಿಸಿದ್ದವು.

ನಾನು ಫ್ಯಾನಿನ ಸ್ವಿಚ್ಚಿಗೆ ಓಡಿದೆ, ಸಿಗಲಿಲ್ಲ. ಕುಬೇರಪ್ಪನವರನ್ನು ಹುಡುಕಿದೆ, ಅವರು ಬೀಗರ ಕಾಲು ತೊಳೆಯುತ್ತಿದ್ದರು. ವೇದಿಕೆಯ ಮೇಲೆ ಮೈಕು ಕಂಡಿತು, ಅಲ್ಲಿಂದ ಹಾರ್ಮೋನುಗಳ ವಿಷಯವಾಗಿ ಎಲ್ಲರಿಗೂ ತಿಳಿಹೇಳಿಬಿಡುತ್ತೇನೆ ಎಂದು ಹೊರಟವನ ಅಂಗಿಯ ತುದಿಯನ್ನು ಶಾರದೆ ಹಿಡಿದುಕೊಂಡಳು. ಅವಳು ಗಲ್ಲದಿಂದ ಮೇಜಿನ ಕಡೆ ತೋರಿಸಿದಳು. ಅಲ್ಲಿ ಚೈತ್ರಾ ನಾಗಜ್ಜಿಯ ಪಕ್ಕದಲ್ಲಿ, ನೆಲದ ಮೇಲೆ, ಅವರ ಮೊಣಕಾಲಿಗೆ ಸಮನಾಗಿ ಕೂತಿದ್ದಳು.

ಅಜ್ಜಿಯ ನಿಲುವು ಗಟ್ಟಿಯಾಗಿತ್ತು. "ಮದುವೆ ಮನೇಲಿ ಮುಖ ಮುಚ್ಚಿದ್ದನ್ನ ಕೊಡಬಾರ್ದು ಕಣಮ್ಮ," ಅನ್ನುತ್ತಿದ್ದರು. "ಕೊಡೋದನ್ನ ಕಣ್ಣಿಗೆ ಕಾಣೋ ಹಂಗೆ ಕೊಡ್ಬೇಕು."

ಚೈತ್ರಾ ಬಾಡಿದ ಗಿಡವೊಂದನ್ನು ಮೇಜಿನಿಂದ ಇಳಿಸಿ ಅಜ್ಜಿಯ ಮುಂದಿಟ್ಟಳು. ನಾನಾಗಿದ್ದರೆ ಅಷ್ಟರಲ್ಲಿ ಆಕ್ಸಿನ್ನಿನಿಂದ ಅಬ್ಸಿಸಿಕ್ ಆಮ್ಲದವರೆಗೆ ಹೋಗಿ ಬಂದಿರುತ್ತಿದ್ದೆ. ಅವಳು ಕೇಳಿದಳು: "ಅಜ್ಜಿ, ಹಸುಗೂಸನ್ನ ತಲೆಗೆ ಏನೂ ಕಟ್ಟದೆ ಫ್ಯಾನಿನ ಕೆಳಗೆ ಮಲಗಿಸ್ತೀರಾ?"

ಯಾರಾದ್ರೂ ಮಲಗಿಸ್ತಾರಾ ಎಂದು ಅಜ್ಜಿ ಗದರಿದರು.

"ಇವೂ ಹಸುಗೂಸೇ. ಇನ್ನೂ ಹೊರಗಿನ ಗಾಳಿ ಕಂಡಿಲ್ಲ. ನೀವು ತೆಗೆಸಿದ್ದು ಕವರಲ್ಲ ಅಜ್ಜಿ, ಕುಲಾವಿ."

ನಾಗಜ್ಜಿ ಬಗ್ಗಿದ ಎಲೆಯೊಂದನ್ನು ಬೆರಳ ತುದಿಯಿಂದ ಎತ್ತಿ ನೋಡಿದರು. ಎಷ್ಟು ಮಕ್ಕಳ ನೆತ್ತಿಗೆ ಎಣ್ಣೆಯೊತ್ತಿ, ಎಷ್ಟು ಕಿವಿಗಳಿಗೆ ಗಾಳಿ ಹೋಗದಂತೆ ಬಟ್ಟೆ ಕಟ್ಟಿದ ಬೆರಳೋ ಅದು. ತಕ್ಷಣ ಎದ್ದು, ಫ್ಯಾನು ನಿಲ್ಲಿಸಲು ಹೇಳಿ, ಬಿಚ್ಚಿದ ಅದೇ ಹೆಣ್ಣುಮಕ್ಕಳಿಂದ ಒಂದೊಂದಕ್ಕೂ ನೀರು ಚಿಮುಕಿಸಿ, ಕವರು ಹಾಕಿಸತೊಡಗಿದರು. ಬೊಟ್ಟುಗಳು ಒಳಗೇ ಉಳಿದವು, ಅದರಿಂದ ಗಿಡಕ್ಕೆ ತೊಂದರೆಯಿರಲಿಲ್ಲ. ಆಮೇಲೆ ಅವರೇ ಒಂದು ಪ್ರಶ್ನೆ ಎತ್ತಿದರು: ಮನೆಗೆ ಒಯ್ದ ಮೇಲೆ ಕುಲಾವಿಯನ್ನು ದಿನಕ್ಕೆ ಎಷ್ಟು ತೆಗೆಯಬೇಕು? ಮೆಲ್ಲಮೆಲ್ಲಗೆ ಎಂದರೆ ಎಷ್ಟು, ಯಾರಿಗೆ ನೆನಪಿರುತ್ತದೆ? ಚೈತ್ರಳ ಕಣ್ಣು ವೇದಿಕೆಯ ಕಲಶದ ಮುಂದೆ ಉರಿಯುತ್ತಿದ್ದ ಊದುಬತ್ತಿಯ ಮೇಲೆ ಹೋಯಿತು, ಮತ್ತು ನನ್ನ ಮಗಳು, ಫೋನೆತ್ತಿದರೆ ನನ್ನ ಕೈಗೆ ಕೊಡುತ್ತಿದ್ದ ನನ್ನ ಮಗಳು, ಮಂಟಪದ ಉದ್ದಕ್ಕೂ ನಡೆದು ಹೋಗಿ ಮೈಕು ಹಿಡಿದಳು.

"ಈ ಬಾಳೆಗಿಡ ಬೆಳೆಸಿದ್ದು ನಾನು," ಅಂದಳು. "ಮೇಲಿರೋ ಕವರ್‌ನ ಒಂದೇ ಸಲಕ್ಕೆ ತೆಗೀಬೇಡಿ. ನೆರಳಲ್ಲಿಟ್ಟು, ದಿನಾ ಪೂಜೆ ಆದ್ಮೇಲೆ ಊದಿನಕಡ್ಡೀಲಿ ಒಂದು ತೂತು ಮಾಡಿ. ಒಂದೇ. ಹಳೇ ಎಲೆ ಒಣಗಿದ್ರೆ ಹೆದರಬೇಡಿ, ಅದು ಹೋಗೋದೇ. ಹೊಸ ಎಲೆ ಬಿಚ್ಚಿದ ದಿನ ಕವರ್ ತೆಗೀರಿ."

ಊದುಬತ್ತಿ ಹಚ್ಚದ ಮನೆಯವರು ಸೂಜಿ ಕಾಯಿಸಿಕೊಳ್ಳಬಹುದು ಎಂದೂ ಸೇರಿಸಿ, ಮೈಕು ಇಟ್ಟು, ಬಂದಷ್ಟೇ ಸಾವಕಾಶವಾಗಿ ಇಳಿದು ಬಂದಳು. ಮಾತು ಮುಗಿದ ಮೇಲೆ ಮುಗಿದಿತ್ತು. ನನಗೆ ಕಣ್ಣು ತುಂಬಿತು. ಅದನ್ನು ಹೊಗೆಯ ಮೇಲೆ ಹಾಕಿದೆ.

ಓದುಗ ಮಿತ್ರರೇ, ನೀವು ಈಗ ಮಗಳನ್ನು ಬಾಟಲಿಯಿಂದ ಹೊರಬಂದ ಗಿಡಕ್ಕೆ ಹೋಲಿಸಲು ಸಿದ್ಧರಾಗಿದ್ದೀರಿ. ನಾನೂ ಅಂದು ಬಸ್ಸಿನಲ್ಲಿ ಭದ್ರಾವತಿಗೆ ಮರಳುವಾಗ ಅದೇ ಹೋಲಿಕೆಯನ್ನು ಚಪ್ಪರಿಸುತ್ತಿದ್ದೆ. ಅರ್ಧ ದಾರಿ ಬರುವುದರೊಳಗೆ ಅದು ಬಾಯಲ್ಲಿ ಕಹಿಯಾಯಿತು. ಬೇಕಾದಾಗ ತೆರೆದು ಸಾಕಾದಾಗ ಮುಚ್ಚುವುದು ಅವಳಿಗೆ ಬರುತ್ತದೆ ಎಂಬುದನ್ನು ಈಗಷ್ಟೇ ನೋಡಿದ್ದೆ. ಮುಚ್ಚಲು ಬಾರದವನು ಯಾರು ಹಾಗಾದರೆ? ಕಾರ್ಖಾನೆಯ ಕ್ವಾರ್ಟರ್ಸು, ಹೊತ್ತಿಗೆ ಸರಿಯಾಗಿ ನೀರು, ಹೊತ್ತಿಗೆ ಸರಿಯಾಗಿ ಸೈರನ್ನು, ಕಾಯಿಲೆಗೆ ಆಸ್ಪತ್ರೆ, ಹಸಿವೆಗೆ ಕ್ಯಾಂಟೀನು; ಏಳು ಎಂದಾಗ ಎದ್ದು ಸಾಕು ಎಂದಾಗ ಮನೆಗೆ ಬಂದವನು ನಾನು. ಅದು ನನ್ನ ಬಾಟಲಿ, ಒಳ್ಳೆಯ ಬಾಟಲಿಯೇ. ಒಂದು ಸಂಜೆ ಹಾರ ಹಾಕಿ, ಶಾಲು ಹೊದಿಸಿ, ಸಮಸ್ತ ಗೌರವಗಳೊಡನೆ ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿದರು. ಅಂದಿನಿಂದ ನನ್ನೊಳಗಿನದೆಲ್ಲ ಹೊರಗೆ ಹೋಗುತ್ತಲೇ ಇದೆ, ಮಾತಾಗಿ, ಚಿಂತೆಯಾಗಿ, ಗೇಟಿನವರೆಗಿನ ನಡಿಗೆಯಾಗಿ.

ಇನ್ನೊಂದು ವಿಷಯ ನನ್ನನ್ನು ಅದಕ್ಕಿಂತ ಹೆಚ್ಚು ಕಾಡಿತು. ಎಲೆಯೊಂದು ಸುರುಳಿಯೊಳಗೆ ಕಣ್ಣುಮುಚ್ಚಿ ಬೆಳೆಯುತ್ತಿರುವಾಗ ಅದಕ್ಕೆ ಹೊರಗಿನ ಬೆಳಕು ಗಾಳಿ ತಿಳಿಯದು. ಬಲಿತ ಎಲೆಗಳು ಲೋಕವನ್ನು ಕಂಡು, ಗಿಡದೊಳಗಿನಿಂದಲೇ ಸುದ್ದಿ ಕಳಿಸುತ್ತವಂತೆ, ಹೊರಗೆ ಹೀಗಿದೆ, ಇಷ್ಟು ಬಾಯಿ ಇಟ್ಟುಕೋ ಎಂದು. ಆ ಸುದ್ದಿಯನ್ನು ಒಯ್ಯುವುದರಲ್ಲಿ ಅದೇ ಬರದ ಹಾರ್ಮೋನಿನ ಪಾಲೂ ಇರಬಹುದೆಂದು ಬಲ್ಲವರ ಊಹೆ. ನನ್ನ ಮಗಳಿಗೆ ನಾನು ಕಳಿಸಿದ ಸುದ್ದಿ ಯಾವುದು? ಬಾಟಲಿಯಾಚೆ ಏನೂ ಕಾಣದ ಎಲೆ ಯಾವ ಲೋಕದ ಸುದ್ದಿ ಕೊಟ್ಟೀತು? ಅಥವಾ ಸುದ್ದಿಯೇನೂ ಅಲ್ಲ, ನನ್ನ ಬಾಯಿಗೆ ಅಂಟಿಕೊಂಡು ಬೆಳೆದದ್ದಕ್ಕೇ ಅವಳು ಸುಮ್ಮನಿರುವ ಕೋಶವಾದಳೇ? ಅವಳನ್ನು ಕೇಳುವ ಧೈರ್ಯ ಆಗಲಿಲ್ಲ.

ಮದುವೆಯಲ್ಲಿ ಉಳಿದ ಒಂದು ಗಿಡವನ್ನು ಚೈತ್ರಾ ಜಗಲಿಯ ಕಟ್ಟೆಯ ಮೇಲಿಟ್ಟು, ಇದು ನಿಮ್ಮದು ಅಂದಳು. ಆಮೇಲಿನ ದಿನಗಳ ಅವಸ್ಥೆ ನಾನೇ ಬಲ್ಲೆ. ಫೋನು ಸದ್ದು ಮಾಡಿದರೆ ಸಾಕು, ಮೆಟ್ಟಿಲ ಬುಡಕ್ಕೆ ಓಡುತ್ತಿದ್ದೆ. ಶಿವಮೊಗ್ಗದಿಂದ, ಆಯನೂರಿನಿಂದ ಫೋಟೋಗಳು ಬರುತ್ತಿದ್ದವು. ತೂತುಬಿದ್ದ ಕವರಿನೊಳಗೆ ಹಸಿರಾಗಿರುವವು, ಬಾಗಿದವು, ಸತ್ತವೂ. ಒಬ್ಬರು ಕವರು ಚೆನ್ನಾಗಿ ಕಾಣಲೆಂದು ಒಂದೇ ದಿನ ಹೂವಿನಾಕಾರದಲ್ಲಿ ತೂತು ಹೊಡೆದಿದ್ದರು. ಚೈತ್ರಾ ಎಲ್ಲರಿಗೂ ತಾನೇ ಉತ್ತರ ಕೊಡತೊಡಗಿದ್ದಳು, ಚಿಕ್ಕದಾಗಿ, ಒಂದೊಂದು ವಾಕ್ಯದಲ್ಲಿ. ಇತ್ತ ನನ್ನ ಗಿಡದ ಎಲೆಗಳ ಅಂಚು ಕಂದುಗಟ್ಟಿತು. ಒಂದು ಪೂರ್ತಿ ಒಣಗಿ ಕವರಿಗೆ ಅಂಟಿಕೊಂಡಿತು. ಹೋಗೋದೇ ಅದು ಎಂದು ಗೊತ್ತಿದ್ದೂ ಮನಸ್ಸು ಒಪ್ಪಲಿಲ್ಲ. ಅದರ ಪಕ್ಕ ಕೂತು ನೋಡುವುದೇ ಕೆಲಸವಾಯಿತು, ನೋಡಲು ಬೆತ್ತದ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ. ಮತ್ತೊಂದು ತೂತು ಮಾಡಿದರೆ ಬೇಗ ಆದೀತೇನೋ ಎಂದು ದಿನವೂ ಅನ್ನಿಸುತ್ತಿತ್ತು. ಮಾಡಲಿಲ್ಲ.

ಮಳೆ ಹಿಡಿಯುವ ಮುಂಚಿನ ಒಂದು ಬೆಳಗ್ಗೆ ನಡುವಿನಿಂದ ಸುಳಿ ಎದ್ದಿತ್ತು, ಊದುಬತ್ತಿಯಷ್ಟೇ ತೆಳ್ಳಗೆ, ತಿಳಿಹಸಿರು. ಕೆಲವು ದಿನಕ್ಕೆ ಅದು ಬಿಚ್ಚಿತು. ಚೈತ್ರಾ ಬಂದು ಕವರು ತೆಗೆದು, ಹೊಸ ಎಲೆಯ ಬೆನ್ನಿನಿಂದ ಪೊರೆ ಎತ್ತಿ ಮೇಲೆ ಕರೆದೊಯ್ದು ತೋರಿಸಿದಳು. ಹಾಸುಗಲ್ಲಿನ ಅದೇ ಅಂಗಳ. ಆದರೆ ಬಾಯಿಗಳು ಈಗ ಅಷ್ಟು ಒತ್ತಾಗಿರಲಿಲ್ಲ, ಮತ್ತು ಆ ಮಧ್ಯಾಹ್ನದ ಸೆಕೆಯಲ್ಲಿ ಹೆಚ್ಚಿನವು ತುಟಿ ಕೂಡಿಸಿಕೊಂಡಿದ್ದವು. ನಾನು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಅದೇ ವಾರ ಮದುಮಗಳಿಂದಲೂ ಫೋಟೋ ಬಂತು, ಗಂಡನ ಮನೆಯ ಹಿತ್ತಲಿನಲ್ಲಿ ಬಿಚ್ಚಿದ ಎಲೆ, ಪಕ್ಕದಲ್ಲಿ ತೆಗೆದಿಟ್ಟ ಕವರು. ಬದುಕಿದವು ಸತ್ತವಕ್ಕಿಂತ ಹೆಚ್ಚು ಎಂದು ಅಷ್ಟರಲ್ಲಿ ತಿಳಿದಿತ್ತು. ಕುಲಾವಿ ಗಿಡದ ಹುಡುಗಿ ಎಂದು ಚೈತ್ರಳಿಗೆ ಹೆಸರು ಬಿದ್ದಿದೆ ಎಂದೂ ಕುಬೇರಪ್ಪ ಹೇಳಿದರು. ಮಹಡಿಗೆ ಬೀಗ ಬೀಳುವುದಿಲ್ಲ.

ಈ ಸಂತೋಷದಲ್ಲಿ ನಾನು ಶಾರದೆಯ ಮುಂದೆ, ನನ್ನ ಗಿಡ ಹೇಗೆ ಉಳಿಸಿಕೊಂಡೆ ನೋಡು ಎಂದು ಬೀಗಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಮೇಲೆ ಗಿಡ ಹದ ಮಾಡೋಕೆ ಅಂತ್ಲೇ ನೀರಿನ ಮಂಜು ಬಿಡೋ ಕೋಣೆ ಇಟ್ಕೊಂಡು, ಅದೊಂದನ್ನ ಕೆಳಗೆ ಯಾಕೆ ಇಟ್ಲು ಅಂದ್ಕೊಂಡ್ರಿ?" ಅಂದಳು. "ತೂತು ಬೇಕಿದ್ದಿದ್ದು ಗಿಡಕ್ಕಲ್ಲ ಮಾರಾಯ್ರೆ."

ನನಗೆ ಮಾತು ಹೊರಡಲಿಲ್ಲ, ಅದೂ ಒಂದು ಪ್ರಗತಿಯೇ ಇರಬೇಕು.

ಮರುದಿನ ಚೈತ್ರಾ ಒಬ್ಬಳೇ ಶಿವಮೊಗ್ಗದ ಬಸ್ಸಿಗೆ ಹೋದಳು, ಹೊಸ ಗಿರಾಕಿಯೊಬ್ಬರ ತೋಟ ನೋಡಲು. ಬರಲಾ ಎಂದು ನಾನು ಕೇಳಲಿಲ್ಲ. ಗೇಟಿನವರೆಗೆ ಹೋದೆ, ಅಷ್ಟೇ. ಪೂಜೆ ಮುಗಿದಾಗ ಅಭ್ಯಾಸಬಲದಿಂದ ಊದುಬತ್ತಿ ಹಿಡಿದು ಜಗಲಿಗೆ ಬಂದೆ. ಕವರಿಲ್ಲದ ಗಿಡ ಗಾಳಿಗೆ ತನ್ನ ಹೊಸ ಎಲೆಯನ್ನು ಆಡಿಸುತ್ತ ನಿಂತಿತ್ತು. ಚುಚ್ಚಲು ಏನೂ ಉಳಿದಿರಲಿಲ್ಲ. ಊದುಬತ್ತಿಯನ್ನು ಗಿಡದ ಕಪ್ಪಿನೊಳಗಿನ ಮಣ್ಣಿಗೆ ಸಿಕ್ಕಿಸಿ ಬೆತ್ತದ ಕುರ್ಚಿಯಲ್ಲಿ ಕೂತೆ. ಅರ್ಧ ಉರಿಯುವಷ್ಟರಲ್ಲಿ ಮಹಡಿಯಲ್ಲಿ ಲ್ಯಾಬಿನ ಫೋನು ರಿಂಗಾಯಿತು. ಎದ್ದೆ. ಮೆಟ್ಟಿಲವರೆಗೆ ಹೋದೆ. ಅದು ಅವಳಿಗೆ ಬಂದ ಕರೆ, ಅವಳು ಬಂದು ನೋಡಿಕೊಳ್ಳುತ್ತಾಳೆ. ತಿರುಗಿ ಬಂದು ಕೂತು, ಫೋನು ಸುಮ್ಮನಾಗುವವರೆಗೆ, ಊದುಬತ್ತಿ ಬೂದಿಯಾಗುವವರೆಗೆ ಕೂತಿದ್ದೆ.